ಗಂಟೆಯ ಟಾರ್ಗೆಟ್ಟು ಮತ್ತು ಸೂಪರ್‌ವೈಸರ್ ಹೊಣೆ

ಮದ್ದೂರಿನ ಕಡೆಯಿಂದ ಪತ್ರ ಬರೆದಿರುವ ಸೋದರಿಗೆ,

ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹಲವು ವರ್ಷ ಟೈಲರ್ ಆಗಿದ್ದು ಈಗ ಲೈನ್ ಸೂಪರ್‌ವೈಸರ್ ಆಗಿರುವ ನೀವು, ತರಬೇತಿಯಲ್ಲಿ ‘ಬರೀ ಕೆಲಸ ಮಾಡಿಸುವವರಾಗಬೇಡಿ, ನಾಯಕರಾಗಿ’ ಎಂದು ಹೇಳಿದ್ದನ್ನೂ, ಮರುದಿನ ಬೆಳಿಗ್ಗೆಯೇ ಟಾರ್ಗೆಟ್ ಬರಲಿಲ್ಲವೆಂದು ಪ್ರೊಡಕ್ಷನ್ ಮ್ಯಾನೇಜರ್ ನಿಮ್ಮನ್ನು ಎಲ್ಲರೆದುರು ಗದರಿದ್ದನ್ನೂ ಬರೆದಿದ್ದೀರಿ. ಆ ಹೊತ್ತಿಗೆ ಸರಿಯಾಗಿ, ಮಗುವಿಗೆ ಜ್ವರವೆಂದು ಅರ್ಧ ದಿನ ರಜೆ ಕೇಳಲು ಬಂದ ಕಾಲರ್ ಟೈಲರ್ ಮೇಲೆ ನೀವೂ ರೇಗಿದಿರಿ. ನಡೆಸುವುದಕ್ಕೂ ಮುನ್ನಡೆಸುವುದಕ್ಕೂ ನಿಜಕ್ಕೂ ವ್ಯತ್ಯಾಸವಿದೆಯೇ ಎಂಬುದು ನಿಮ್ಮ ಪ್ರಶ್ನೆ.

ಇದೆ. ಆದರೆ ನಿರ್ವಹಣೆ ಕೀಳು, ನಾಯಕತ್ವ ಮೇಲು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಯಾರ ಕೈಗೆ ಯಾವ ಆಪರೇಷನ್, ಅಂದರೆ ಹೊಲಿಗೆಯ ಯಾವ ಹಂತ, ಕೊಡಬೇಕು, ಬಂಡಲ್‌ಗಳು ಎಲ್ಲಿ ರಾಶಿ ಬೀಳುತ್ತಿವೆ, ಯಾವ ಮೆಷಿನ್ನಿನ ದಾರ ಪದೇ ಪದೇ ತುಂಡಾಗುತ್ತಿದೆ ಎಂಬುದು ಗೊತ್ತಿಲ್ಲದ ಸೂಪರ್‌ವೈಸರ್ ಎಷ್ಟೇ ಅಂತಃಕರಣದವರಾದರೂ ಅವರ ಲೈನಿನವರು ಸಂಜೆ ಓವರ್‌ಟೈಮ್ ಕೂರಬೇಕಾಗುತ್ತದೆ. ವ್ಯತ್ಯಾಸ ಕಾಣುವುದು ಮೇಲಿನಿಂದ ಒತ್ತಡ ಬಂದ ಗಳಿಗೆಯಲ್ಲಿ: ಅದನ್ನು ಇದ್ದಂತೆಯೇ ಕೆಳಕ್ಕೆ ದಾಟಿಸುವವರು ಬರೀ ಕೆಲಸ ಮಾಡಿಸುವವರು; ತಮ್ಮಲ್ಲೇ ತಡೆದು, ಅದರಲ್ಲಿ ನ್ಯಾಯವಾದದ್ದೆಷ್ಟೆಂದು ತೂಗಿ, ಉಳಿದದ್ದಕ್ಕೆ ತಾವೇ ಮೇಲಿನವರಿಗೆ ಉತ್ತರ ಹೇಳುವವರು ಮುಂದಾಳುಗಳು.

ದೆಹಲಿ ಮೆಟ್ರೋ ಕಟ್ಟಿಸಿದ ಇ. ಶ್ರೀಧರನ್ ಅವರು, ಗಡುವಿಗೆ ಇನ್ನೆಷ್ಟು ದಿನ ಉಳಿದಿದೆಯೆಂದು ಹಿಂದಕ್ಕೆ ಎಣಿಸುವ ಗಡಿಯಾರಗಳನ್ನು ಹಾಕಿಸಿದ್ದರು. ನಿಮ್ಮ ಲೈನಿನ ತುದಿಯಲ್ಲಿ ಗಂಟೆಗೊಮ್ಮೆ ಅಂಕಿ ಬರೆಯುವ ಬೋರ್ಡಿಗಿಂತ ಅದೇನೂ ಮೃದುವಾದ ವಸ್ತುವಲ್ಲ. ಆದರೆ 2009ರ ಜುಲೈ 12ರಂದು ದೆಹಲಿಯ ಜಮ್ರೂದ್‌ಪುರದಲ್ಲಿ ನಿರ್ಮಾಣದಲ್ಲಿದ್ದ ಮೆಟ್ರೋ ಮೇಲುಸೇತುವೆಯ ಭಾಗ ಕುಸಿದು ಆರು ಮಂದಿ ಸತ್ತಾಗ, ಅವರು ತನಿಖೆಯ ವರದಿಗೂ ಕಾಯದೆ, ನೈತಿಕ ಹೊಣೆ ತಮ್ಮದೆಂದು ಅದೇ ದಿನ ರಾಜೀನಾಮೆ ಕೊಟ್ಟರು. ಮುಖ್ಯಮಂತ್ರಿ ಶೀಲಾ ದೀಕ್ಷಿತ್ ಅದನ್ನು ಒಪ್ಪದಿದ್ದುದರಿಂದ ಕೆಲಸಕ್ಕೆ ಮರಳಿದರು. ಗಡುವಿನ ವಿಷಯದಲ್ಲಿ ಅಷ್ಟು ಬಿಗಿಯಾಗಿದ್ದವರು ಹೊಣೆ ಹೊರುವ ವಿಷಯದಲ್ಲೂ ಅಷ್ಟೇ ಬಿಗಿಯಾಗಿದ್ದರು ಎಂಬುದನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ.

ನಿಮಗೆ ಅಂಥ ಹುದ್ದೆಯಿಲ್ಲ ನಿಜ, ಆದರೆ ನಿಮ್ಮ ಕೈಯಲ್ಲಿ ಲೆಕ್ಕವಿದೆ. ಒಂದು ಶರ್ಟಿಗೆ 20 ನಿಮಿಷದ ಕೆಲಸವೆಂದು ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗದವರು ಗೊತ್ತು ಮಾಡಿದ್ದಾರೆ ಎಂದಿಟ್ಟುಕೊಳ್ಳಿ. 40 ಟೈಲರ್‌ಗಳು ಶೇ 60ರ ಎಫಿಷಿಯೆನ್ಸಿಯಲ್ಲಿ, ಅಂದರೆ ಗೊತ್ತು ಮಾಡಿದ ವೇಗದ ಶೇ 60ರಷ್ಟರಲ್ಲಿ, ಹೊಲಿದರೆ ಗಂಟೆಗೆ 72 ಪೀಸ್. ಐವರು ಬಾರದ ದಿನ ಅದೇ ಲೆಕ್ಕ 63ಕ್ಕೆ ಇಳಿಯುತ್ತದೆ. ಹಾಜರಿ ಮುಗಿದೊಡನೆ, ಬೈಗುಳ ಬರುವ ಮೊದಲೇ, ಈ 63ನ್ನು ಚೀಟಿಯಲ್ಲಿ ಬರೆದು ಮ್ಯಾನೇಜರ್ ಕೈಗೆ ಕೊಡಿ. 72 ಬೇಕೇ ಬೇಕೆಂದರೆ ಫ್ಲೋಟರ್‌ಗಳನ್ನು, ಅಂದರೆ ಬಾರದವರ ಜಾಗಕ್ಕೆ ಕೂರುವ ಬದಲಿ ಟೈಲರ್‌ಗಳನ್ನು, ಕಳಿಸಿಕೊಡಿ ಎಂದು ಕೇಳಿ. ಹೀಗೆ ಕೇಳಲು ಧೈರ್ಯ ಬೇಕು, ಮೊದಮೊದಲು ಮಾತು ಕೇಳಬೇಕಾಗಿಯೂ ಬರಬಹುದು. ಆದರೂ ಉಳಿದ 35 ಮಂದಿಯಿಂದ ಐವರ ಕೆಲಸವನ್ನು ಗದರಿ ತೆಗೆಸುವುದಕ್ಕಿಂತ ಇದು ನೇರವಾದ ದಾರಿ.

ಗದರದಿದ್ದರೆ ಇವರು ಕೆಲಸ ಮಾಡುವುದಿಲ್ಲ ಎಂದು ನಿಮಗೂ ಯಾರಾದರೂ ಹೇಳಿರುತ್ತಾರೆ. ಪಿಎಫ್ ಹಣ ಹಿಂಪಡೆಯುವ ನಿಯಮ ಬಿಗಿಯಾಗಿದ್ದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಯಾವ ದೊಡ್ಡ ಸಂಘಟನೆಯ ಕರೆಗೂ ಕಾಯದೆ ಬೀದಿಗಿಳಿದರು. ಎರಡನೇ ದಿನವೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ವಿಷಯ ತಮ್ಮದೆಂದು ಅರಿವಾದಾಗ ಅವರನ್ನು ಯಾರೂ ಹಿಂದಿನಿಂದ ನೂಕಬೇಕಾಗಲಿಲ್ಲ.

ಇನ್ನು ಆ ಕಾಲರ್ ಟೈಲರ್ ವಿಚಾರ. ಅರ್ಧ ದಿನದ ರಜೆಯನ್ನು ನೀವೇ ಕೊಡುವ ಅಧಿಕಾರ ನಿಮಗಿಲ್ಲದಿದ್ದರೆ ಆಕೆಯ ಮುಂದೆ ನೀವು ರೇಗದೆ ಇದ್ದರೂ ಹೆಚ್ಚೇನೂ ಮಾಡಲಾಗುತ್ತಿರಲಿಲ್ಲ, ಮತ್ತು ಆ ಕೊರತೆ ನಿಮ್ಮದಲ್ಲ, ಕಾರ್ಖಾನೆಯದು. ಕಾಲರ್ ಕೂರಿಸಲು ಇನ್ನೂ ಇಬ್ಬರಿಗೆ ಈಗಿನಿಂದಲೇ ಕಲಿಸಿಡಿ, ಆಗ ಒಬ್ಬರು ಎದ್ದುಹೋದರೂ ಲೈನ್ ನಿಲ್ಲುವುದಿಲ್ಲ. ಮುಂದಿನ ತರಬೇತಿಯಲ್ಲಿ ನಾಯಕರಾಗಿ ಎಂದವರನ್ನು, ಮಗುವಿನ ಜ್ವರಕ್ಕೆ ಅರ್ಧ ದಿನ ರಜೆ ಕೊಡುವ ತೀರ್ಮಾನ ಇನ್ನು ಮುಂದೆ ಸೂಪರ್‌ವೈಸರ್‌ದೇ ಆಗುತ್ತದೆಯೇ ಎಂದು ಎದ್ದುನಿಂತು ಕೇಳಿ. ಅವರು ಕೊಟ್ಟ ಉತ್ತರವನ್ನು ನಮಗೂ ಬರೆದು ತಿಳಿಸಿ.

– ಸಂಪಾದಕ