ಕುರ್ಚಿಯಿಂದ ಏಳುವ ಮೊದಲೇ ಐದು ಸ್ಟಾರ್ ಒತ್ತಿಸು ಅಂತಾರೆ, ಏನು ಮಾಡಲಿ?

ಪ್ರಶ್ನೆ: ನಾನು ಸಲೂನ್ ಒಂದರಲ್ಲಿ ಬ್ಯೂಟಿಷಿಯನ್. ಈ ಕೆಲಸ ಕಲಿಸಿದ್ದೇ ನಮ್ಮ ಓನರ್. ಅವರನ್ನು ಅಕ್ಕ ಅಂತಲೇ ಕರೆಯುತ್ತೇನೆ. ಹತ್ತಿರದಲ್ಲೇ ಇನ್ನೊಂದು ಸಲೂನ್ ಶುರುವಾದ ಮೇಲೆ ಅವರಿಗೆ ಗೂಗಲ್ ರಿವ್ಯೂದೇ ಚಿಂತೆ. ಗ್ರಾಹಕರು ಕುರ್ಚಿಯಿಂದ ಏಳುವ ಮೊದಲೇ ಐದು ಸ್ಟಾರ್ ಒತ್ತಿಸಬೇಕು. ಯಾರು ಜಾಸ್ತಿ ರಿವ್ಯೂ ತರುತ್ತಾರೋ ಅವರಿಗೆ ಇನ್ಸೆಂಟಿವ್. ಹೋದ ತಿಂಗಳು ಕಾಯಂ ಗ್ರಾಹಕಿಯೊಬ್ಬರಿಗೆ ಥ್ರೆಡಿಂಗ್ ಮುಗಿಸಿ ಬ್ಲೀಚ್ ಹಾಕಿದೆ. ಹಣೆ ಸ್ವಲ್ಪ ಕೆಂಪಾಗಿತ್ತು. ಆದರೂ ರಿವ್ಯೂ ಕೇಳಿದೆ, ಕೊಟ್ಟರು. ರಾತ್ರಿ ಫೋನ್ ಮಾಡಿ, "ತುಂಬಾ ಉರೀತಿದೆ. ನಿನ್ನ ಮುಖ ನೋಡಿ ಸ್ಟಾರ್ ಕೊಟ್ಟೆ ಅಷ್ಟೇ" ಅಂದರು. ಆಮೇಲೆ ಬಂದೇ ಇಲ್ಲ. ಈಗ ಅಕ್ಕ ನಮ್ಮ ಮನೆಯವರ, ನೆಂಟರ ಫೋನ್‌ನಿಂದಲೂ ರಿವ್ಯೂ ಹಾಕಿಸು ಅಂತಿದ್ದಾರೆ. ಆಗಲ್ಲ ಅಂದರೆ ಉಪಕಾರ ಮರೆತಂತೆ, ಕೆಲಸವೂ ಹೋಗಬಹುದು. ಆಯ್ತು ಅನ್ನೋಕೆ ಮನಸ್ಸು ಒಪ್ಪುತ್ತಿಲ್ಲ.
(ಹೆಸರು ಬೇಡ)

ಉತ್ತರ: ನಿಮ್ಮ ಗ್ರಾಹಕಿ ಸುಳ್ಳು ಹೇಳಲಿಲ್ಲ. ಅವರು ಸ್ಟಾರ್ ಕೊಟ್ಟಿದ್ದು ಬ್ಲೀಚ್‌ಗಲ್ಲ, ನಿಮಗೆ. ಕೊರಳಿಗೆ ಟವೆಲ್ ಸುತ್ತಿದೆ, ಕೂದಲಿಗೆ ಹೆಡ್‌ಬ್ಯಾಂಡ್ ಇದೆ, ಪಕ್ಕದಲ್ಲೇ ನಿಂತು ನೀವು ಫೋನ್ ಪರದೆ ನೋಡುತ್ತಿದ್ದೀರಿ. ಅಂಥ ಹೊತ್ತಲ್ಲಿ ಮೂರು ಸ್ಟಾರ್ ಒತ್ತುವ ಧೈರ್ಯ ಯಾರಿಗಿರುತ್ತೆ ಹೇಳಿ? ಮುಂದಿನ ಸಲವೂ ಇದೇ ಕೈಗೆ ಮುಖ ಒಡ್ಡಬೇಕಲ್ವಾ! ದಾಕ್ಷಿಣ್ಯಕ್ಕೆ ಐದು ಒತ್ತುತ್ತಾರೆ. ಮನೆಗೆ ಹೋಗಿ ಬೇರೆ ಸಲೂನ್ ಹುಡುಕುತ್ತಾರೆ. ನಿಮ್ಮ ಅಕ್ಕನಿಗೆ ಸ್ಟಾರ್ ಕಾಣುತ್ತದೆ, ಬರುವುದು ಬಿಟ್ಟ ಗ್ರಾಹಕಿ ಕಾಣುವುದಿಲ್ಲ.

ರಿವ್ಯೂ ವಿಷಯ ಆಮೇಲೆ ನೋಡೋಣ. ಮೊದಲು ಆ ಗ್ರಾಹಕಿಗೆ ಫೋನ್ ಮಾಡಿ. ಹಣೆ ಹೇಗಿದೆ ಅಂತ ಕೇಳಿ. ಕಲೆಯೋ ಉರಿಯೋ ಇನ್ನೂ ಉಳಿದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಲು ಹೇಳಿ. ಥ್ರೆಡಿಂಗ್ ಆದ ಚರ್ಮ ಮೊದಲೇ ಕೆರಳಿರುತ್ತದೆ. ಬ್ಲೀಚ್‌ನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಇರುತ್ತದೆ, ಹಲವದರಲ್ಲಿ ಅಮೋನಿಯಾ ಕೂಡ. ಥ್ರೆಡಿಂಗ್, ಬ್ಲೀಚ್ ಎರಡನ್ನೂ ಬೆನ್ನುಬೆನ್ನಿಗೆ ಮಾಡಿದರೆ ಉರಿಯದೆ ಇನ್ನೇನು? ಇದು ನಿಮಗೆ ಗೊತ್ತಿಲ್ಲದ್ದೇನಲ್ಲ. ಅಂದು ಅವಸರವಿತ್ತೇನೋ. ಅದನ್ನು ಅವರ ಹತ್ತಿರ ಒಪ್ಪಿಕೊಳ್ಳಿ. ಆಮೇಲೆ ಇಷ್ಟು ಹೇಳಿ: "ಆವತ್ತು ನಾನು ಕೇಳಿದ್ದಕ್ಕೆ ರಿವ್ಯೂ ಕೊಟ್ಟಿರಿ. ಬದಲಾಯಿಸಬೇಕು ಅನಿಸಿದರೆ ಬದಲಾಯಿಸಿ, ನನಗೆ ಬೇಜಾರಿಲ್ಲ." ಗೂಗಲ್‌ನಲ್ಲಿ ಬರೆದವರು ತಮ್ಮ ರಿವ್ಯೂವನ್ನು ಯಾವಾಗ ಬೇಕಾದರೂ ತಿದ್ದಬಹುದು, ತೆಗೆಯಬಹುದು. "ಫ್ರೀಯಾಗಿ ಫೇಶಿಯಲ್ ಮಾಡಿಕೊಡ್ತೀನಿ, ಕೆಟ್ಟದಾಗಿ ಬರೀಬೇಡಿ" ಅನ್ನೋ ಮಾತು ಮಾತ್ರ ಬಾಯಿಗೆ ಬರಬಾರದು. ಸರಿಪಡಿಸುವುದು ಬೇರೆ, ಬಾಯಿ ಮುಚ್ಚಿಸುವುದು ಬೇರೆ.

ಇನ್ನು ನೆಂಟರ ಫೋನ್ ವಿಷಯ. ಇದಕ್ಕೆ ಖಂಡಿತ ಬೇಡ ಅನ್ನಿ. ನಿಮ್ಮ ಮನಸ್ಸಾಕ್ಷಿಯ ಮಾತು ಹಾಗಿರಲಿ, ಅಕ್ಕನ ಅಂಗಡಿಗೇ ಇದು ಅಪಾಯ. ಕೆಲಸ ಮಾಡುವವರೇ ತಮ್ಮ ಸಲೂನ್‌ಗೆ ರಿವ್ಯೂ ಬರೆಯುವುದು, ಸೇವೆ ಪಡೆಯದವರಿಂದ ಬರೆಸುವುದು, ಡಿಸ್ಕೌಂಟ್ ಕೊಟ್ಟು ಬರೆಸುವುದು, ಇವೆಲ್ಲ ಗೂಗಲ್ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಆ ರಿವ್ಯೂ ಅಳಿಸುವುದಷ್ಟೇ ಅಲ್ಲ, ಸ್ವಲ್ಪ ಕಾಲ ಹೊಸ ರಿವ್ಯೂ ಬರದಂತೆಯೂ ತಡೆಯಬಹುದು. ಇದ್ದ ರಿವ್ಯೂಗಳನ್ನೂ ಮರೆಮಾಡಬಹುದು. "ಇಲ್ಲಿ ನಕಲಿ ರಿವ್ಯೂ ತೆಗೆದುಹಾಕಲಾಗಿದೆ" ಎಂಬ ಎಚ್ಚರಿಕೆಯನ್ನು ಸಲೂನ್ ಪುಟದಲ್ಲೇ ಎಲ್ಲರಿಗೂ ಕಾಣುವಂತೆ ಹಾಕಲೂಬಹುದು. ಪಕ್ಕದ ಸಲೂನ್‌ನವರಿಗೆ ಅದಕ್ಕಿಂತ ಖುಷಿಯ ಸುದ್ದಿ ಬೇಕಾ? ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ನಕಲಿ ರಿವ್ಯೂಗಳ ವಿರುದ್ಧ ದಂಡದ ನಿಯಮವನ್ನೇ ತಂದಿದೆ. ಅಲ್ಲಿನ ರಿವ್ಯೂ ವೆಬ್‌ಸೈಟ್ ಯೆಲ್ಪ್ ಅಂತೂ ಗ್ರಾಹಕರನ್ನು ರಿವ್ಯೂ ಕೇಳಲೇಬೇಡಿ ಅನ್ನುತ್ತದೆ. ಗೂಗಲ್ ಅಷ್ಟು ಬಿಗಿಯಿಲ್ಲ. ಕೇಳಬಹುದು, ಸರಿಯಾಗಿ ಕೇಳಬೇಕು ಅಷ್ಟೇ.

ಸರಿಯಾಗಿ ಕೇಳುವುದು ಅಂದರೆ ಹೇಗೆ ಅನ್ನುವುದನ್ನು ನೀವೇ ಅಕ್ಕನಿಗೆ ತೋರಿಸಿ. ಬರೀ "ಆಗಲ್ಲ" ಅಂದರೆ ಜಗಳ. "ಹೀಗೆ ಮಾಡೋಣ" ಅಂದರೆ ಮಾತುಕತೆ ಶುರುವಾಗುತ್ತದೆ. ನಿಮ್ಮ ಕಸುಬಿನಲ್ಲಿ ಕೆಲಸ ಚೆನ್ನಾಗಿ ಆಗಿದೆಯೋ ಇಲ್ಲವೋ ಅನ್ನುವುದು ಕುರ್ಚಿಯಲ್ಲಿ ಎಲ್ಲಿ ಗೊತ್ತಾಗುತ್ತದೆ? ಹೇರ್ ಕಲರ್ ಮಾಡಿಸಿದವರಿಗೆ ಗೊತ್ತಾಗುವುದು ಮನೆಯಲ್ಲಿ ಮೊದಲ ಸಲ ತಲೆ ತೊಳೆದ ಮೇಲೆ, ಹಗಲು ಬೆಳಕಲ್ಲಿ ಕನ್ನಡಿ ನೋಡಿದಾಗ. ಸಲೂನ್ ಬೆಳಕಲ್ಲಿ ಎಲ್ಲ ಬಣ್ಣವೂ ಚಂದವೇ! ಫೇಶಿಯಲ್ ಆದವರ ಮುಖ ಅವತ್ತು ಕೆಂಪಗಿರಬಹುದು, ಒಂದೆರಡು ದಿನ ಬಿಟ್ಟು ನಿಜ ಗೊತ್ತಾಗುತ್ತದೆ. ವ್ಯಾಕ್ಸಿಂಗ್ ಆದಮೇಲೆ ಗುಳ್ಳೆ ಎದ್ದರೆ ಅದೂ ಮಾರನೇ ದಿನದ ಮಾತು. ಹೇರ್‌ಕಟ್ ಅನ್ನು ತಾವೇ ಬಾಚಿಕೊಂಡು ನೋಡಬೇಕು, ಬ್ಲೋ ಡ್ರೈಯರ್ ಹಿಡಿದು ನೀವು ಕೂರಿಸಿದ್ದಲ್ಲ. ಮಸಾಜ್ ಮಾಡಿಸಿಕೊಂಡವರು ಎದ್ದ ಕೂಡಲೇ ಅರೆನಿದ್ದೆಯಲ್ಲಿರುತ್ತಾರೆ, ಅವರ ಕೈಗೆ ಫೋನ್ ಕೊಡುವುದು ಸುಮ್ನೆ ಕಿರಿಕಿರಿ.

ಹಾಗಾಗಿ ಸಲೂನ್‌ನಲ್ಲಿ ಯಾರ ಫೋನನ್ನೂ ಮುಟ್ಟಬೇಡಿ. ಬಿಲ್ ಕೊಡುವಾಗ, "ಎರಡು ದಿನ ಬಿಟ್ಟು ಒಂದು ಮೆಸೇಜ್ ಕಳಿಸಲಾ?" ಅಂತ ಒಪ್ಪಿಗೆ ಕೇಳಿ. ಬೇಡ ಅಂದರೆ ಅಲ್ಲಿಗೆ ಬಿಡಿ. ಮೆಸೇಜ್ ಇಷ್ಟೇ ಸಾಕು: "ಮೊನ್ನೆ ಮಾಡಿಸಿದ ಹೇರ್ ಕಲರ್ ಮನೆಯಲ್ಲಿ ತಲೆ ತೊಳೆದ ಮೇಲೆ ಹೇಗಿದೆ? ಏನಾದರೂ ತೊಂದರೆ ಇದ್ದರೆ ನನಗೆ ಹೇಳಿ. ನಿಮ್ಮ ಅನುಭವ ಬರೆಯಬೇಕು ಅನಿಸಿದರೆ ಲಿಂಕ್ ಇಲ್ಲಿದೆ." ಐದು ಸ್ಟಾರ್ ಅನ್ನೋ ಪದವೇ ಅದರಲ್ಲಿ ಬರಬಾರದು. ಒಂದು ಸಲ ಕಳಿಸಿದ ಮೇಲೆ ಮತ್ತೆ ನೆನಪಿಸಲೂ ಬೇಡಿ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ, ಅಂದರೆ ಗೂಗಲ್‌ನಲ್ಲಿ ಓನರ್ ನೋಡಿಕೊಳ್ಳುವ ಸಲೂನ್ ಪುಟದಲ್ಲಿ, ಆ ಲಿಂಕೂ ಸಿಗುತ್ತದೆ, ಕ್ಯೂಆರ್ ಕೋಡೂ ಸಿಗುತ್ತದೆ. ಕೋಡ್ ಪ್ರಿಂಟ್ ಮಾಡಿ ಕೌಂಟರ್ ಮೇಲೆ ಇಟ್ಟರೂ ಆದೀತು, ಬೇಕಾದವರು ಸ್ಕ್ಯಾನ್ ಮಾಡಿಕೊಂಡು ಹೋಗುತ್ತಾರೆ.

ಇಲ್ಲಿ ನಿಮ್ಮ ಅಕ್ಕನಿಗೆ ಒಂದು ಉಪಾಯ ಹೊಳೆಯುವುದು ಗ್ಯಾರಂಟಿ. ಖುಷಿಯಾಗಿರೋರಿಗೆ ಮಾತ್ರ ಲಿಂಕ್ ಕಳಿಸೋಣ, ಮುಖ ಗಂಟು ಹಾಕಿಕೊಂಡು ಹೋದವರಿಗೆ ಬೇಡ ಅಂತ. ಎಲ್ಲರೂ ಇದನ್ನೇ ಯೋಚಿಸುತ್ತಾರೆ. ಗೂಗಲ್ ಅದನ್ನೂ ಒಪ್ಪುವುದಿಲ್ಲ. ಕೇಳುವುದಾದರೆ ಎಲ್ಲರನ್ನೂ ಒಂದೇ ಥರ ಕೇಳಬೇಕು.

ಆಗ ಮೂರು ಸ್ಟಾರೂ ಬರುತ್ತವೆ, ಒಂದೂ ಬರುತ್ತದೆ. ಬರಲಿ ಬಿಡಿ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸ್ಪೀಗಲ್ ಸಂಶೋಧನಾ ಕೇಂದ್ರದವರು ಆನ್‌ಲೈನ್‌ನಲ್ಲಿ ಸಾಮಾನು ಕೊಳ್ಳುವವರ ಮೇಲೆ ಅಧ್ಯಯನ ಮಾಡಿದ್ದರು. ಸರಾಸರಿ ರೇಟಿಂಗ್ 4.0ರಿಂದ 4.7ರವರೆಗೆ ಇದ್ದಾಗ ಕೊಳ್ಳುವ ಸಾಧ್ಯತೆ ಅತಿ ಹೆಚ್ಚು, 5ರ ಹತ್ತಿರ ಹೋದಂತೆ ಮತ್ತೆ ಇಳಿಯುತ್ತದೆ ಅಂತ ಅದರಲ್ಲಿ ಕಂಡುಬಂತು. ಸಲೂನ್ ಲೆಕ್ಕ ಪೂರ್ತಿ ಹಾಗೇ ಅಂತ ಹೇಳಲಾರೆ. ಆದರೆ ನೀವೇ ಯೋಚಿಸಿ. ಒಂದು ಕಡೆ ನೂರು ಜನ "ಸೂಪರ್", "ಬೆಸ್ಟ್" ಅಂತ ಒಂದೊಂದೇ ಪದ ಬರೆದಿದ್ದಾರೆ. ಇನ್ನೊಂದು ಕಡೆ ಒಬ್ಬರು, "ಕರ್ಲಿ ಕೂದಲಿಗೆ ಕಟ್ ಚೆನ್ನಾಗಿ ಮಾಡಿದರು, ಆದರೆ ಅಪಾಯಿಂಟ್‌ಮೆಂಟ್ ಇದ್ದರೂ ಅರ್ಧ ಗಂಟೆ ಕಾಯಿಸಿದರು" ಅಂತ ಬರೆದಿದ್ದಾರೆ. ಗುಂಗುರು ಕೂದಲಿನವಳು ಎಲ್ಲಿಗೆ ಹೋಗುತ್ತಾಳೆ?

ಕೆಟ್ಟ ರಿವ್ಯೂಗೆ ಉತ್ತರ ಬರೆಯುವಾಗ ಒಂದು ಎಚ್ಚರ. ಯಾರಿಗೆ ಯಾವ ಟ್ರೀಟ್‌ಮೆಂಟ್ ಮಾಡಿದಿರಿ, ಅವರ ಚರ್ಮ ಹೇಗಿತ್ತು, ತಲೆಯಲ್ಲಿ ಹೊಟ್ಟಿತ್ತಾ, ಇದನ್ನೆಲ್ಲ ಊರಿಗೇ ಕಾಣುವಂತೆ ಬರೆಯಬಾರದು. ಬೇಸರವಾಗಿದ್ದಕ್ಕೆ ಕ್ಷಮೆ ಕೇಳಿ, ಫೋನ್ ಮಾಡಲು ಹೇಳಿ, ಮುಗಿಸಿ.

ಇನ್ಸೆಂಟಿವ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರವಾಗಿದೆ. ಸ್ಟಾರ್ ಎಣಿಸಿ ದುಡ್ಡು ಕೊಟ್ಟರೆ ಹುಡುಗಿಯರು ಸ್ಟಾರ್ ತರುವುದನ್ನು ಕಲಿಯುತ್ತಾರೆ, ಕೆಲಸವನ್ನಲ್ಲ. ಅದರ ಬದಲು, ಯಾರ ಹತ್ತಿರ ಮಾಡಿಸಿಕೊಂಡ ಗ್ರಾಹಕರು ಎರಡು ಮೂರು ತಿಂಗಳೊಳಗೆ ಮತ್ತೆ ಬಂದರೋ ಅವರಿಗೆ ಇನ್ಸೆಂಟಿವ್ ಕೊಡಿ ಅಂತ ಅಕ್ಕನಿಗೆ ಹೇಳಿ ನೋಡಿ. ಅಪಾಯಿಂಟ್‌ಮೆಂಟ್ ಪುಸ್ತಕದಲ್ಲೇ ಎಲ್ಲ ಇರುತ್ತದೆ. ನಿಮ್ಮ ಕಾಯಂ ಗ್ರಾಹಕಿಯ ಹೆಸರು ಕೊನೆಯ ಸಲ ಯಾವ ಪುಟದಲ್ಲಿದೆ ಅಂತಲೂ ಅಲ್ಲೇ ತೋರಿಸಬಹುದು.

ಈ ಮಾತನ್ನೆಲ್ಲ ಬೇರೆ ಹುಡುಗಿಯರ ಎದುರು ಆಡಬೇಡಿ. ಸಲೂನ್ ಮುಚ್ಚಿದ ಮೇಲೆ ಇಬ್ಬರೇ ಇರುವಾಗ ಆಡಿ. ಅವರು ಕೆಟ್ಟವರೇನಲ್ಲ, ಹೆದರಿದ್ದಾರೆ ಅನಿಸುತ್ತದೆ. ಅದರಿಂದಲೇ ಶುರುಮಾಡಿ: "ಅಕ್ಕಾ, ಹೊಸ ಸಲೂನ್ ಬಂದು ನಿಮಗೆ ಟೆನ್ಷನ್ ಆಗಿದೆ, ನನಗೂ ಆಗಿದೆ. ಒಂದು ತಿಂಗಳು ನನ್ನ ಗ್ರಾಹಕರಿಗೆ ಮಾತ್ರ ಈ ಥರ ಕೇಳಿ ನೋಡ್ತೀನಿ. ಮನೆಯವರ ಫೋನ್‌ನಿಂದ ಮಾತ್ರ ನನ್ನ ಕೈಲಿ ಆಗಲ್ಲ." ಕೆಲಸ ಕಲಿಸಿದ ಋಣ ದೊಡ್ಡದು, ನಿಜ. ಆದರೆ ಅದು ನಿಮ್ಮ ಕೈಕೆಲಸದಿಂದ ತೀರುವ ಋಣ. ಅದಕ್ಕೆ ನೆಂಟರ ಫೋನ್ ಯಾಕೆ ಬೇಕು?

ಒಪ್ಪಲಿಲ್ಲ, ಬಯ್ದರು ಅಂದುಕೊಳ್ಳಿ. ಹೆಚ್ಚಿಗೆ ವಾದ ಬೇಡ, ಇನ್ಸೆಂಟಿವ್ ಹೋದರೆ ಹೋಗಲಿ. ಈ ಒಂದು ವಿಷಯಕ್ಕೆ ಕಾಯಂ ಗ್ರಾಹಕರಿರುವ ಬ್ಯೂಟಿಷಿಯನ್‌ನನ್ನು ಕಳಿಸುವುದು ಯಾವ ಓನರ್‌ಗೂ ಸುಲಭವಲ್ಲ, ಗ್ರಾಹಕರು ಸಲೂನ್‌ಗಿಂತ ಕೈಯನ್ನು ಹುಡುಕಿಕೊಂಡು ಹೋಗುತ್ತಾರೆ ಅಂತ ಅವರಿಗೂ ಗೊತ್ತು. ಆದರೂ ಮನೆ ನಡೆಯುವುದೇ ಈ ಸಂಬಳದಿಂದ ಅಂತಾದರೆ, ಬೇರೆ ಎರಡು ಕಡೆ ಸುಮ್ನೆ ವಿಚಾರಿಸಿಟ್ಟುಕೊಂಡು ಆಮೇಲೆ ಈ ಮಾತು ಎತ್ತಿ.