ಅಜ್ಜಿಯ ಸಿಂಗರ್ ಮತ್ತೆ ತಿರುಗುತ್ತಾ?

ಪ್ರಶ್ನೆ: ಅಟ್ಟದಿಂದ ಅಜ್ಜಿಯ ಕಾಲದ ಸಿಂಗರ್ ಕೈ ಹೊಲಿಗೆ ಮಿಷನ್ ಇಳಿಸಿದ್ದೇವೆ. ಚಕ್ರ ಅಲುಗಾಡುತ್ತಲೇ ಇಲ್ಲ. ಗುಜರಿಗೆ ಹಾಕೋದಾ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಗುಜರಿಗಾ? ಬೇಡ ಬೇಡ! ಹಳೇ ಎಣ್ಣೆ ಅಂಟಾಗಿ ಹಿಡಿದಿರಬಹುದು, ಅದರಲ್ಲೂ ಯಾರಾದರೂ ಕೊಬ್ಬರಿ ಎಣ್ಣೆ ಬಿಟ್ಟಿದ್ದರಂತೂ ಕೇಳೋದೇ ಬೇಡ. ಮೊದಲು ಬಾಬಿನ್ (ಕೆಳಗಿನ ದಾರ ಸುತ್ತಿದ ಪುಟ್ಟ ಉರುಳೆ) ಮೇಲಿನ ತಗಡು ಸರಿಸಿ ನೋಡಿ. ಒಳಗೆ ಸುತ್ತಿಕೊಂಡ ದಾರವೇ ಚಕ್ರವನ್ನು ಹಿಡಿದಿರುತ್ತದೆ ಎಷ್ಟೋ ಸಲ. ಚಿಮಟದಲ್ಲಿ ಎಳೆದು ತೆಗೆಯಿರಿ. ಆಮೇಲೆ ಎಣ್ಣೆ ತೂತುಗಳಿಗೆ ಎರಡೆರಡು ಹನಿ ಸೀಮೆಎಣ್ಣೆ ಹಾಕಿ, ಒಂದು ರಾತ್ರಿ ಹಾಗೇ ಇಟ್ಟು, ಚಕ್ರವನ್ನು ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ, ಸುತ್ತಿಗೆ ಮಾತ್ರ ಮುಟ್ಟಬೇಡಿ. ಸಡಿಲವಾದ ಮೇಲೆ ಹೊಲಿಗೆ ಮಿಷನ್ ಎಣ್ಣೆಯೇ ಆಗಬೇಕು. ಮೈಮೇಲಿನ ಚಿನ್ನದ ಬಣ್ಣದ ಚಿತ್ತಾರಕ್ಕೆ ಸ್ಪಿರಿಟ್ ತಾಗಿಸಬೇಡಿ, ಹಾಳಾಗುತ್ತದೆ. ಕೆಲವು ಹಳೇ ಮಾಡೆಲ್‌ಗಳ ಸೂಜಿಯೇ ಬೇರೆ, ಅದಕ್ಕೇ ಹೊಸ ಸೂಜಿ ತರಲು ಚಿಕ್ಕಪೇಟೆಗೆ ಹೋಗುವಾಗ ಹಳೇ ಸೂಜಿ ಜೊತೆಗಿರಲಿ.