ಕಂಪ್ರೆಸರ್‌ಗೆ ಗಾಳಿಯ ಪೈಪು ಉದ್ದವಿರಲಿ, ವಯರು ಗಿಡ್ಡವಿರಲಿ

ಪ್ರಶ್ನೆ: ತೀರ್ಥಹಳ್ಳಿ ಸಮೀಪದ ನಮ್ಮ ತೋಟದ ಮನೆಗೆ 2 ಎಚ್‌ಪಿ ಮೋಟಾರಿನ, 50 ಲೀಟರ್ ಟ್ಯಾಂಕಿನ, ಗಾಲಿಯಿರುವ ಹೊಸ ಏರ್ ಕಂಪ್ರೆಸರ್ ತಂದಿದ್ದೇವೆ. ಬೈಕು, ಟಿಲ್ಲರ್‌ಗಳ ಚಕ್ರಕ್ಕೆ ಗಾಳಿ ತುಂಬಲು ಹಾಗೂ ಅಡಿಕೆ ಸುಲಿಯುವ ಯಂತ್ರದ ದೂಳು ತೆಗೆಯಲು ಅದು ಬೇಕು. ಮನೆಯಿಂದ 30 ಮೀಟರ್ ದೂರದ ಕೊಟ್ಟಿಗೆಗೆ ಎಕ್ಸ್‌ಟೆನ್ಷನ್ ವಯರು ಎಳೆದು ಚಾಲು ಮಾಡಿದರೆ, ಸಂಜೆ ಹೊತ್ತು ಮೋಟಾರು ಗುಂಯ್‌ಗುಡುತ್ತದೆಯೇ ಹೊರತು ತಿರುಗುವುದಿಲ್ಲ. ಇದಕ್ಕೆ ಕಾರಣವೇನು? ಮಳೆಗಾಲದಲ್ಲಿ ಯಂತ್ರವನ್ನು ಎಲ್ಲಿಡಬೇಕು?

ಉತ್ತರ: ಗುಂಯ್ ಎಂದ ಕೂಡಲೇ ಸ್ವಿಚ್ ಆರಿಸಿ. ತಿರುಗದೆ ನಿಂತ ಮೋಟಾರು ಹಲವು ಪಟ್ಟು ಹೆಚ್ಚು ಕರೆಂಟನ್ನು ಎಳೆಯುತ್ತಲೇ ಇರುವುದರಿಂದ ಅದರ ವೈಂಡಿಂಗ್ ಬಹು ಬೇಗ ಸುಟ್ಟುಹೋಗುತ್ತದೆ.

ಕಾರಣ ಬಹುಮಟ್ಟಿಗೆ ನಿಮ್ಮ ವಯರಿನಲ್ಲಿದೆ. 2 ಎಚ್‌ಪಿ ಮೋಟಾರು ಓಡುವಾಗ ಸುಮಾರು 10 ಆಂಪಿಯರ್ ತೆಗೆದುಕೊಂಡರೆ, ಚಾಲು ಆಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಬೇಡುತ್ತದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ 1 ಚದರ ಮಿಲಿಮೀಟರ್ ತಾಮ್ರದ ವಯರನ್ನು 30 ಮೀಟರ್ ಎಳೆದರೆ, ಹೋಗಿಬರುವ ದಾರಿ ಸೇರಿ ಅದರ ರೋಧ ಸುಮಾರು 1.1 ಓಮ್ ಆಗುತ್ತದೆ. 50 ಆಂಪಿಯರ್ ಹರಿಯುವ ಆ ಒಂದು ಕ್ಷಣದಲ್ಲಿ ವಯರೊಂದರಲ್ಲೇ ಐವತ್ತಕ್ಕೂ ಹೆಚ್ಚು ವೋಲ್ಟ್ ಕಳೆದುಹೋಗುತ್ತದೆ. ಗುಡ್ಡದ ಸೆರಗಿನ ಒಂಟಿ ಮನೆಗಳು ಸಾಮಾನ್ಯವಾಗಿ ವಿದ್ಯುತ್ ಲೈನಿನ ಕೊನೆಯಲ್ಲಿರುತ್ತವೆ. ಸಂಜೆ ಎಲ್ಲರ ಮನೆಯಲ್ಲೂ ಬಳಕೆ ಏರಿದಾಗ 230 ವೋಲ್ಟ್ ಇರಬೇಕಾದಲ್ಲಿ 200 ಕೂಡ ಇರದಿದ್ದರೆ, ಕೊಟ್ಟಿಗೆಯ ತುದಿಗೆ ಉಳಿಯುವುದು ಮೋಟಾರಿಗೆ ಸಾಲುವುದಿಲ್ಲ.

ಆದ್ದರಿಂದ ಕಂಪ್ರೆಸರನ್ನು ಮನೆಯ 16 ಆಂಪಿಯರ್ ಪ್ಲಗ್ಗಿನ ಹತ್ತಿರವೇ ಇಟ್ಟು, ಕೊಟ್ಟಿಗೆಗೆ ಗಾಳಿಯ ಹೋಸನ್ನು ಒಯ್ಯಿರಿ ಎಂಬುದು ನನ್ನ ಖಚಿತ ಸಲಹೆ. ಉದ್ದದ ಹೋಸಿನಲ್ಲೂ ಒತ್ತಡ ಸ್ವಲ್ಪ ಇಳಿಯುತ್ತದೆ, ಆದರೆ ಅದರಿಂದ ಚಕ್ರ ತುಂಬುವುದು ತುಸು ನಿಧಾನವಾಗುತ್ತದೆಯೇ ವಿನಾ ಯಾವುದೂ ಸುಡುವುದಿಲ್ಲ. ಹೋಸು ಗಾಳಿಗೆಂದೇ ತಯಾರಾದದ್ದಾಗಿರಲಿ. ತೋಟಕ್ಕೆ ನೀರು ಬಿಡುವ ಪೈಪಾಗಲಿ, ಒಡೆದರೆ ಚೂಪಾದ ಚೂರುಗಳಾಗಿ ಸಿಡಿಯುವ ಪಿವಿಸಿ ಕೊಳವೆಯಾಗಲಿ ಬೇಡವೇ ಬೇಡ. ಈ ವ್ಯವಸ್ಥೆಯಿಂದ ಇನ್ನೆರಡು ಪ್ರಯೋಜನಗಳಿವೆ: ಸುಲಿಯುವ ಯಂತ್ರದ ದೂಳು ಕಂಪ್ರೆಸರಿನ ಫಿಲ್ಟರ್ ಸೇರುವುದಿಲ್ಲ, ಮತ್ತು ಟ್ಯಾಂಕಿನ ಒತ್ತಡ ನೋಡಿಕೊಂಡು ಮೋಟಾರನ್ನು ತಾನೇ ಹಚ್ಚಿ ಆರಿಸುವ ಪ್ರೆಷರ್ ಸ್ವಿಚ್ಚಿನಲ್ಲಿ ಪ್ರತಿ ಬಾರಿ ಹಾರುವ ಸಣ್ಣ ಕಿಡಿ ಕೊಟ್ಟಿಗೆಯ ಪೆಟ್ರೋಲ್ ಕ್ಯಾನಿನಿಂದ ದೂರ ಉಳಿಯುತ್ತದೆ. ವಯರನ್ನೇ ಎಳೆಯುವುದು ಅನಿವಾರ್ಯವಾದರೆ 2.5 ಚದರ ಮಿಲಿಮೀಟರಿಗೆ ಕಡಿಮೆಯಿಲ್ಲದ ಮೂರು ಎಳೆಯ ತಾಮ್ರದ ವಯರು ಬಳಸಿ, ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಿ. ಸುತ್ತಿಟ್ಟ ಸುರುಳಿ ಒಳಗೊಳಗೇ ಕಾಯುತ್ತದೆ. ಮೂರನೆಯ ಎಳೆ ಅರ್ಥಿಂಗಿನದು. ಒದ್ದೆ ನೆಲದ ಮೇಲೆ ನಿಂತು ಲೋಹದ ಯಂತ್ರ ಮುಟ್ಟುವವರಿಗೆ ಅದೇ ರಕ್ಷೆ. ಪ್ಲಗ್ಗಿನ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ನೆಲಕ್ಕೆ ಸೋರಿದರೆ ತಕ್ಷಣ ಲೈನನ್ನು ಕಡಿಯುವ ಸ್ವಿಚ್) ಇಲ್ಲದಿದ್ದರೆ ಎಲೆಕ್ಟ್ರಿಷಿಯನ್‌ರಿಂದ ಮೊದಲು ಅದನ್ನು ಹಾಕಿಸಿ.

ವೋಲ್ಟೇಜ್ ಸರಿಯಿದ್ದಾಗಲೂ ಮೋಟಾರು ಮುಷ್ಕರ ಹೂಡುವುದುಂಟು. ಯಂತ್ರದ ಮೇಲಿನ ಗುಂಡಿಯಿಂದ ಆರಿಸಿದಾಗ ಪುಸ್ಸೆಂಬ ಸದ್ದು ಕೇಳಿಸುತ್ತದೆ. ಪಿಸ್ಟನ್ ಮೇಲೆ ಉಳಿದ ಗಾಳಿ ಹೊರಹೋಗಿ, ಮುಂದಿನ ಸಲ ಮೋಟಾರು ಹಗುರಾಗಿ ತಿರುಗಲು ಅನುವಾಗುವುದು ಆಗಲೇ. ಗೋಡೆಯ ಪ್ಲಗ್ಗನ್ನು ಕಿತ್ತು ನಿಲ್ಲಿಸಿದರೆ ಆ ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕರೆಂಟು ಹೋದಾಗಲೂ ಗುಂಡಿಯನ್ನು ಆರಿಸಿಡಿ.

ಇಡುವ ಜಾಗ ಸಮತಟ್ಟಾಗಿ, ಇರಚಲು ಬೀಳದಂತೆ, ಗಾಳಿಯಾಡುವಂತೆ ಇರಲಿ. ಗೋಡೆಯಿಂದ ಒಂದು ಅಡಿಯಾದರೂ ಬಿಡಿ. ನಿಮ್ಮದು ಎಣ್ಣೆ ಹಾಕುವ ಮಾದರಿಯಾದರೆ, ಸಾಗಣೆಗೆಂದು ಹಾಕಿದ ಮುಚ್ಚಳವನ್ನು ತೆಗೆದು ಉಸಿರಾಟದ ರಂಧ್ರವಿರುವ ಮುಚ್ಚಳವನ್ನು ಕೂರಿಸಿ, ಎಣ್ಣೆಯ ಮಟ್ಟ ತೋರಿಸುವ ಗಾಜಿನ ಕಣ್ಣಿನಲ್ಲಿರುವ ಕೆಂಪು ಚುಕ್ಕೆಯ ಮಟ್ಟಕ್ಕೆ ಎಣ್ಣೆ ತುಂಬಿ. ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಟ್ಯಾಂಕಿನ ತಳದ ಡ್ರೈನ್ ವಾಲ್ವ್ ತೆರೆದಿಟ್ಟು ಬರಿದೇ ಓಡಿಸಿದ ಮೇಲಷ್ಟೇ ಒತ್ತಡ ಏರಿಸಿ.

ಮಲೆನಾಡಿನವರು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಟ್ಯಾಂಕಿನ ಒಳಗಿನ ನೀರಿಗೆ. ಜಡಿಮಳೆಯ ದಿನ 25 ಡಿಗ್ರಿ ಉಷ್ಣತೆಯ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಾವಿ ಇರುತ್ತದೆ. ಆ ಗಾಳಿಯನ್ನು 8 ಬಾರ್‌ಗೆ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ವಾತಾವರಣದ ಒತ್ತಡ) ಅದುಮಿ ತಣಿಸಿದಾಗ ಆವಿಯ ಬಹುಪಾಲು ನೀರಾಗುತ್ತದೆ. ಖಾಲಿ ಟ್ಯಾಂಕನ್ನು ಒಂದು ಸಲ ತುಂಬಿದರೆ ಎರಡು ಟೀ ಚಮಚದಷ್ಟು. ನಿಮಿಷಕ್ಕೆ 150 ಲೀಟರ್ ಎಳೆಯುವ ಯಂತ್ರ ಎಡೆಬಿಡದೆ ಒಂದು ಗಂಟೆ ಓಡಿದರೆ ಒಂದು ಲೋಟದಷ್ಟು. ಅದರಲ್ಲಿ ಸ್ವಲ್ಪ ಹೋಸಿನ ಮೂಲಕ ಹೋಗುತ್ತದೆ, ಉಳಿದದ್ದು ತಳದಲ್ಲಿ ನಿಂತು ಉಕ್ಕನ್ನು ಒಳಗಿನಿಂದ ತಿನ್ನುತ್ತದೆ. ಪ್ರತಿದಿನ ಕೆಲಸ ಮುಗಿದ ಮೇಲೆ ಒತ್ತಡ ಬಹುಪಾಲು ಇಳಿಸಿ, ಡ್ರೈನ್ ವಾಲ್ವನ್ನು ಮೆಲ್ಲಗೆ ತಿರುಗಿಸಿ, ತುಕ್ಕು ಬಣ್ಣದ ನೀರು ನಿಂತು ಬರಿ ಗಾಳಿ ಬರುವವರೆಗೂ ಬಿಡಿ.

ಒತ್ತಡ ಮಿತಿಮೀರಿದರೆ ಗಾಳಿಯನ್ನು ತಾನೇ ಹೊರಬಿಡುವ ಸೇಫ್ಟಿ ವಾಲ್ವಿನ ಉಂಗುರವನ್ನು ಆಗಾಗ ಎಳೆದು, ಅದು ಗಾಳಿ ಬಿಟ್ಟು ಮತ್ತೆ ಮುಚ್ಚಿಕೊಳ್ಳುತ್ತದೆಯೇ ನೋಡಿ. ಸೋರುತ್ತದೆಂದು ಅದನ್ನು ಬಿಗಿದು ಮುಚ್ಚಿದರೆ ಟ್ಯಾಂಕು ಸಿಡಿಯುವ ಅಪಾಯವನ್ನು ಮನೆಗೆ ತಂದಂತೆ. ಸುಲಿಯುವ ಯಂತ್ರದ ದೂಳು ಊದುವ ಮುನ್ನ ಅದರ ಪ್ಲಗ್ ತೆಗೆದು, ಕನ್ನಡಕ ಧರಿಸಿ, ಹೋಸಿಗೆ ಹೋಗುವ ಒತ್ತಡವನ್ನು ಹೊಂದಿಸುವ ರೆಗ್ಯುಲೇಟರನ್ನು 30 ಪಿಎಸ್‌ಐಗೆ (ಸುಮಾರು 2 ಬಾರ್) ಇಳಿಸಿ. ಮೈಮೇಲಿನ ದೂಳಿಗೆ ಈ ಗಾಳಿ ಬೇಡ. ಕಿವಿತಮಟೆ ಹರಿಯಬಹುದು, ಗಾಯದ ಮೂಲಕ ರಕ್ತನಾಳ ಸೇರಿದರೆ ಪ್ರಾಣಕ್ಕೇ ಕುತ್ತು. ಮಕ್ಕಳ ಕೈಗೆ ಗಾಳಿ ಊದುವ ಗನ್ ಕೊಡಲೇಬೇಡಿ.

ಮುಂದೆಂದಾದರೂ ಟ್ಯಾಂಕಿನ ತಳದಲ್ಲಿ ಬಣ್ಣ ಉಬ್ಬಿದ್ದರೆ ಅಥವಾ ಸೂಜಿಮೊನೆಯಷ್ಟು ತೇವ ಒಸರಿದರೆ ಬಳಕೆ ನಿಲ್ಲಿಸಿ. ಅದಕ್ಕೆ ವೆಲ್ಡಿಂಗ್ ಮಾಡಿಸಬೇಡಿ. ತೂತಿನ ಸುತ್ತಲಿನ ತಗಡೂ ಅಷ್ಟರಲ್ಲಿ ತೆಳುವಾಗಿರುತ್ತದೆ, ಹೊಸ ಟ್ಯಾಂಕೊಂದೇ ದಾರಿ.